ರಿಪೋರ್ಟು ನಾರ್ಮಲ್, ಹಾಗಾದ್ರೆ ನೋವು ಸುಳ್ಳಾ?

ಹದಿನಾರು ವರ್ಷದ ಹುಡುಗಿಗೆ ಆರು ತಿಂಗಳಿಂದ ತಲೆನೋವು. ಸ್ಕ್ಯಾನಿಂಗ್ ಆಯ್ತು, ರಕ್ತಪರೀಕ್ಷೆ ಆಯ್ತು, ಕಣ್ಣಿನ ಡಾಕ್ಟರೂ ಆಯ್ತು. ಎಲ್ಲ ನಾರ್ಮಲ್. ಅಲ್ಲಿಂದ ಮನೆಯಲ್ಲಿ ವಿಚಾರಣೆ ಶುರು. ‘ಓದೋಕೆ ಸೋಮಾರಿತನ.’ ‘ಮೊಬೈಲ್ ನೋಡುವಾಗ ಎಲ್ಲಿ ಹೋಗಿತ್ತೇ ನೋವು?’ ‘ನಮ್ಮ ಕಾಲದಲ್ಲಿ ಇವೆಲ್ಲ ಇರಲೇ ಇಲ್ಲ.’ ನಮ್ಮೂರ ಕಡೆ ದೃಷ್ಟಿ ತೆಗೆದು, ತಾಯತ ಕಟ್ಟಿಸಿ, ಆಮೇಲೆ ಈ ಮಾತು. ಬೆಂಗಳೂರಲ್ಲಿ ಎಂಆರ್‌ಐ ಮಾಡಿಸಿ ಈ ಮಾತು. ಅಷ್ಟೇ ವ್ಯತ್ಯಾಸ.

ಸ್ವಾಮಿ, ಮೈಗ್ರೇನ್ ಇದ್ದವರ ಸ್ಕ್ಯಾನು ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಇರುತ್ತೆ. ಅದನ್ನು ಪತ್ತೆ ಹಚ್ಚೋದು ರೋಗಿ ಹೇಳುವ ಮಾತು ಕೇಳಿ. ಆ ಮಾತನ್ನೇ ನಂಬದಿದ್ದರೆ ಉಳಿಯೋದೇನು?

ನಾನು ಡಾಕ್ಟರಲ್ಲ, ಬಿಇ ಓದಿ ಕೋಡ್ ಬರೆಯೋನು. ನಮ್ಮಲ್ಲೂ ಒಂದು ಕೆಟ್ಟ ಚಾಳಿ ಇದೆ. ಗ್ರಾಹಕ ‘ಆ್ಯಪ್ ನಿಂತುಹೋಗ್ತಿದೆ’ ಅಂದ್ರೆ, ‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆಯಲ್ಲ’ ಅಂತ ದೂರು ಮುಚ್ಚಿಬಿಡೋದು. ಅಂಥವನನ್ನು ಯಾರೂ ಒಳ್ಳೆ ಎಂಜಿನಿಯರ್ ಅನ್ನಲ್ಲ.

‘ಎಲ್ಲಾ ಮನಸ್ಸಿಂದು’ ಅಂತೀರಲ್ಲ, ಅದರಲ್ಲಿ ಅರ್ಧ ಸತ್ಯ ಇದೆ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತಿದ್ದಿದ ವ್ಯಾಖ್ಯೆಯ ಪ್ರಕಾರ ನೋವು ದೇಹದ ಅನುಭವವೂ ಹೌದು, ಭಾವನೆಯ ಅನುಭವವೂ ಹೌದು. ನೋವಿದೆ ಎಂದವರ ಮಾತನ್ನು ಗೌರವಿಸಬೇಕು ಅಂತಲೂ ಅದು ಹೇಳುತ್ತೆ. ನೀವು ಈ ಎರಡನೆಯದನ್ನ ಬಿಟ್ಟು ಮೊದಲನೆಯದರಿಂದ ಮಗುವಿಗೆ ಹೊಡೀತೀರಿ. ಮನಸ್ಸು ಕೆಲಸ ಮಾಡೋದು ಹೀಗೆ: ಮತ್ತೆ ನೋವು ಬಂದೀತು ಅನ್ನೋ ಭಯ. ಭಯಕ್ಕೆ ಆಟ ಬಿಡ್ತಾಳೆ, ಗೆಳತಿಯರು ದೂರ ಆಗ್ತಾರೆ, ನಿದ್ದೆ ಕೆಡುತ್ತೆ. ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಜಾಸ್ತಿ. ಇದರ ಮೇಲೆ ‘ನಾಟಕ’ ಅನ್ನೋ ಮಾತು ಬೇರೆ. ನಂಬಿಸೋಕೆ ಅಂತಲೇ ಅವಳು ದಿನವಿಡೀ ತನ್ನ ನೋವನ್ನು ಕಾಯುತ್ತಾ ಕೂರಬೇಕು.

ಹಾಗಂತ ಕೋಣೆಯಲ್ಲಿ ಮಲಗಿಸಿ ಹತ್ತು ನಿಮಿಷಕ್ಕೊಮ್ಮೆ ‘ನೋಯ್ತಿದೆಯಾ ಪುಟ್ಟಾ?’ ಅನ್ನೋದೂ ಮದ್ದಲ್ಲ. ಅದೂ ಗಮನವನ್ನೆಲ್ಲ ನೋವಿನ ಮೇಲೇ ಕಟ್ಟಿಹಾಕುತ್ತೆ. ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳ ದೀರ್ಘಕಾಲದ ನೋವಿಗೆಂದೇ 2020ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಔಷಧಿಯ ಜೊತೆ ವ್ಯಾಯಾಮ, ಮನೋಚಿಕಿತ್ಸೆ ಎರಡೂ ಇವೆ. ನಮ್ಮಲ್ಲಿ? ಸೈಕಾಲಜಿಸ್ಟ್ ಅಂದ ಕೂಡಲೇ ‘ಹುಚ್ಚು ಅಂತಾರೆ, ನಾಳೆ ಯಾರು ಹೆಣ್ಣು ಕೇಳಿಕೊಂಡು ಬರ್ತಾರೆ?’ ನಾಳಿನ ಮದುವೆಗೋಸ್ಕರ ಇವತ್ತಿನ ಮಗು ನರಳಬೇಕು!

ಕಾಲೇಜಿನವರಿಗೂ ಒಂದು ಮಾತು. 75 ಶೇಕಡಾ ಹಾಜರಿಯ ಲೆಕ್ಕ ತೋರಿಸಿ ಹೆದರಿಸೋ ಮೊದಲು, ಅರ್ಧ ದಿನ ಬಂದು ಹೋಗೋಕೆ, ಇಪ್ಪತ್ತು ನಿಮಿಷ ಕತ್ತಲ ಕೋಣೆಯಲ್ಲಿ ಮಲಗೋಕೆ ಬಿಡಿ. ಪೂರ್ತಿ ಬಿಟ್ಟ ಮಗುವನ್ನ ವಾಪಸ್ ಕರೆತರೋದು ಇದಕ್ಕಿಂತ ನೂರು ಪಾಲು ಕಷ್ಟ.

ಇವತ್ತು ರಾತ್ರಿ ಊಟಕ್ಕೆ ಕೂತಾಗ ‘ನೋವಿರೋದು ನಿಜ ಅಂತ ನಂಗೊತ್ತು, ನಾಳೆ ಎಷ್ಟಾಗುತ್ತೋ ಅಷ್ಟು ಮಾಡೋಣ’ ಅಂತ ಹೇಳಿ ನೋಡಿ. ಇದಕ್ಕೆ ಯಾವ ಸ್ಕ್ಯಾನಿಂಗೂ ಬೇಕಿಲ್ಲ.