ಭಾನುವಾರ ದಾವತ್, ಸೋಮವಾರ ದವಾಖಾನೆ

ಹಾಸನದ ನನ್ನ ದವಾಖಾನೆಯಲ್ಲಿ ಸೋಮವಾರ ಬೆಳಿಗ್ಗೆ ಜನ ಸ್ವಲ್ಪ ಹೆಚ್ಚು. ಹೊಟ್ಟೆಯುಬ್ಬರ, ಎದೆಯುರಿ, ಭೇದಿ, ಏರಿದ ಸಕ್ಕರೆ. "ನಿನ್ನೆ ಎಲ್ಲಿ ದಾವತ್?" ಎಂದು ಕೇಳಿದರೆ ಹೊಳೆನರಸೀಪುರದವರಾಗಲಿ, ಚನ್ನರಾಯಪಟ್ಟಣದವರಾಗಲಿ ನಕ್ಕುಬಿಡುತ್ತಾರೆ. ಆದರೆ ಅರಕಲಗೂಡಿನ ಒಬ್ಬ ತಾಯಿ ನಗಲಿಲ್ಲ. "ಡಾಕ್ಟರ್ ಸಾಬ್, ಏಳು ಬಗೆ ಅಡುಗೆ ಮಾಡಿದೆ. ಗಂಡಸರು, ಮಕ್ಕಳು ಎಲ್ಲ ಉಂಡು ನಾನು ಕೂತಾಗ ಹನ್ನೊಂದೂವರೆ. ಇನ್ನು ಯಾರನ್ನೂ ಕರೆಯೋದಿಲ್ಲ" ಎಂದರು. ಅವರ ಸೊಂಟನೋವಿಗೆ ಔಷಧಿ ಕೊಟ್ಟೆ. ಆ ಕೊನೆಯ ಮಾತಿಗೆ ನನ್ನ ಬಳಿ ಔಷಧಿ ಇರಲಿಲ್ಲ.

ಅತಿಥಿಯನ್ನು ಗೌರವಿಸುವುದು ಈಮಾನಿನ ಭಾಗವೆಂದು ಕಲಿತವರು ನಾವು. ಇಬ್ಬರ ಊಟ ಮೂವರಿಗೆ ಸಾಕೆಂದು, ಹೊಟ್ಟೆಯ ಮೂರನೇ ಒಂದು ಪಾಲು ಮಾತ್ರ ಊಟಕ್ಕೆಂದು ಕಲಿಸಿದವರೂ ಅದೇ ಪ್ರವಾದಿ(ಸ). ಹಾಗಿದ್ದರೆ ಏಳು ಬಗೆ ಎಲ್ಲಿಂದ ಬಂತು? ಶಾದಿಮಹಲ್‌ನ ಊಟ ಮನೆಯ ದಸ್ತರ್‌ಖಾನ್‌ಗೆ ಬಂದು ಕೂತಿದೆ. ಅದನ್ನು ನಾವೇ ವಾಪಸು ಕಳಿಸಬೇಕು.

10 ಮಂದಿಗೆ ನನ್ನ ಸಲಹೆ ಇದು: 1 ಕಿಲೋ ಅಕ್ಕಿಯ ಖುಷ್ಕಾ, 1 ಕಿಲೋ ಮೂಳೆಸಹಿತ ಮಟನ್, ಬೇಳೆ, ಸೋರೆಕಾಯಿ, ಹುಣಸೆರಸ ಹಾಕಿದ ದಾಲ್ಚಾ. ಜೊತೆಗೆ ಒಂದು ದೊಡ್ಡ ತಟ್ಟೆ ಸೌತೆಕಾಯಿ, ಮೂಲಂಗಿ, ಈರುಳ್ಳಿ, ನಿಂಬೆ. ದಾಲ್ಚಾ ಬೆಳಿಗ್ಗೆಯೇ ಮಾಡಿ, ಆರಿಸಿ ಫ್ರಿಜ್‌ನಲ್ಲಿಟ್ಟು, ಸಂಜೆ ಚೆನ್ನಾಗಿ ಕುದಿಸಿದರಾಯಿತು. ಸಿಹಿಗೆ ಪರಂಗಿ ಹಣ್ಣು. 200 ಮಿ.ಲೀ. ಕೋಲಾದಲ್ಲಿ ಸುಮಾರು 5 ಟೀ ಚಮಚ ಸಕ್ಕರೆ ಇರುತ್ತದೆ. ಅದರ ಬದಲು ಪುದೀನ-ಜೀರಿಗೆಯ ಮಜ್ಜಿಗೆ ಕೊಡಿ.

ಸಕ್ಕರೆ ಕಾಯಿಲೆಯ ಹಿರಿಯರಿಗೆ ಮೊದಲು ಹಸಿ ತರಕಾರಿ, ನಂತರ ಮಾಂಸ, ಕೊನೆಗೆ ಸ್ವಲ್ಪ ಅನ್ನ ಬಡಿಸಿ. ಈ ಕ್ರಮದಲ್ಲಿ ಉಂಡರೆ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ನಮ್ಮ ಹಾಸನದ ಆಲೂಗಡ್ಡೆಯನ್ನು ಅವರ ತಟ್ಟೆಯಲ್ಲಿ ಅನ್ನದ ಲೆಕ್ಕಕ್ಕೆ ಸೇರಿಸಿ, ತರಕಾರಿಯ ಲೆಕ್ಕಕ್ಕಲ್ಲ.

ಉಳಿದ ಅನ್ನದ ಬಗ್ಗೆ ಎಚ್ಚರ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣು ಬೇಯಿಸಿದರೂ ಸಾಯುವುದಿಲ್ಲ. ರಾತ್ರಿಯಿಡೀ ಮುಚ್ಚಿಟ್ಟ ದೇಗ್ಚಿಯ ಬೆಚ್ಚಗಿನ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಬೆಳಿಗ್ಗೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಆದ್ದರಿಂದ ಅನ್ನ ಇಳಿಸಿದ 2 ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರಡಿ, ಆರಿಸಿ ಫ್ರಿಜ್‌ಗೆ ಇಡಿ. ನೆರೆಮನೆಗೆ ಕೊಡುವುದಿದ್ದರೆ ಬಿಸಿ ಇರುವಾಗಲೇ, ಅದೇ ರಾತ್ರಿ ಕೊಡಿ.

ಮಗ್ರಿಬ್ ಆದ ಕೂಡಲೇ ಬಡಿಸಿದರೆ ಇಶಾ ನಮಾಝಿಗೆ ನಡೆದೇ ಹೋಗಬಹುದು. ಯುನಾನಿಯಲ್ಲಿ ಹಜ್ಮ್, ಅಂದರೆ ಜೀರ್ಣಶಕ್ತಿಗೆ ದೊಡ್ಡ ಸ್ಥಾನ. ಹಿಂದಿನ ಊಟ ಕರಗುವ ಮುನ್ನ ಮತ್ತೆ ಉಣ್ಣಬಾರದೆಂಬುದು ನಮ್ಮ ಹಳೆಯ ಹಕೀಮರ ನಿಯಮ. ಹಸಿವಾಗದಿದ್ದರೆ ಮರುದಿನ ಬೆಳಿಗ್ಗೆ ಗಂಜಿ ಸಾಕು.

ಸಹೋದರರೇ, ದಸ್ತರ್‌ಖಾನ್ ಹಾಸುವುದು, ತಟ್ಟೆ ತೊಳೆಯುವುದು ನಿಮ್ಮ ಕೆಲಸವಾಗಲಿ. ಮನೆಯೊಡತಿ ಬಂದ ಹೆಂಗಸರ ಜೊತೆ ಮೊದಲ ಪಂಕ್ತಿಯಲ್ಲೇ ಕೂತು ಉಣ್ಣಲಿ. ದಾವತ್ ಹಗುರವಾದರೆ ಮಾತ್ರ ಅದು ಉಳಿಯುತ್ತದೆ.

"ಎರಡೇ ಬಗೆಯಾ?" ಎಂದು ಯಾರಾದರೂ ಕೇಳಿದರೆ, ಡಾಕ್ಟರ್ ಚೀಟಿ ಬರೆದುಕೊಟ್ಟಿದ್ದಾರೆ ಎಂದುಬಿಡಿ.