ನೋವಿಗೂ ನ್ಯಾಯ ಬೇಡವೇ?

"ಕ್ಯಾನ್ಸರ್ ಬಲಿತಿದೆ, ಇನ್ನು ನೋವು ತಿನ್ನಲೇಬೇಕು" ಎಂಬ ಮಾತು ಕೇಳಿಕೊಂಡು ದವಾಖಾನೆಯಿಂದ ಮರಳಿದ ಕುಟುಂಬಗಳು ನಮ್ಮ ಕೇರಿಗಳಲ್ಲಿ ಎಷ್ಟಿಲ್ಲ! ಗಿರಣಿಯ ಕಾರ್ಮಿಕ ಇದನ್ನು ಹಣೆಬರಹವೆನ್ನುತ್ತಾನೆ, ಅಂಗಡಿಕಾರ ಪೂರ್ವಜನ್ಮದ ಕರ್ಮವೆನ್ನುತ್ತಾನೆ. ಎರಡೂ ಅಲ್ಲ. ಬಹುಪಾಲು ಇದು ಅಲಕ್ಷ್ಯ.

ರೋಗ ವಾಸಿಯಾಗದಿದ್ದರೂ ನೋವನ್ನು ತಗ್ಗಿಸಬಹುದು. ಆದರೆ ಮೊದಲು ಅದು ಯಾವ ಬಗೆಯದೆಂದು ಗುರುತಿಸಬೇಕು. ಗಡ್ಡೆ ನರವನ್ನು ಒತ್ತಿದಾಗ ಹುಟ್ಟುವ ನೋವು ಹುಣ್ಣಿನ ನೋವಿನಂತಲ್ಲ. ಬೆಂಕಿ ಸುರಿದಂಥ ಉರಿ, ಕರೆಂಟು ಹೊಡೆದಂಥ ಸೆಳೆತ, ಜುಮುಗುಟ್ಟುವಿಕೆ. ಒಂದೆಡೆ ಮರಗಟ್ಟಿದ್ದರೆ ಇನ್ನೊಂದೆಡೆ ಬಟ್ಟೆ ತಾಕಿದರೂ ತಾಳಲಾರದ ಯಾತನೆ. ತಂಬಾಕಿನಿಂದ ಬಂದ ಬಾಯಿಯ ಕ್ಯಾನ್ಸರಿನಲ್ಲಿ ಕಿವಿ, ದವಡೆಗೆ ಹೊಡೆಯುವ ಸಿಡಿತ ಇದೇ ಆಗಿರಬಹುದು. ಕೆಲವೊಮ್ಮೆ ಕ್ಯಾನ್ಸರಿಗೆ ಕೊಟ್ಟ ಔಷಧಿಯೇ ಕೈಕಾಲಿನ ನರಗಳನ್ನು ಕೆಡಿಸಿರುತ್ತದೆ.

ಇದನ್ನು ಅರಿಯಲು ಮೊದಲು ಬೇಕಾದದ್ದು ಲಕ್ಷಗಟ್ಟಲೆ ಬೆಲೆಯ ಯಂತ್ರವಲ್ಲ. "ನೋವು ಹೇಗಿದೆ?" ಎಂದು ಕೇಳಿ, ಹತ್ತಿಯ ಎಳೆಯಿಂದ ಚರ್ಮವನ್ನು ಸವರಿ ನೋಡಿದರೆ ವೈದ್ಯರಿಗೆ ಬಹಳಷ್ಟು ತಿಳಿಯುತ್ತದೆ. ಆದರೆ ಬಾಗಿಲಾಚೆಗೂ ಬೆಳೆದ ಸಾಲನ್ನು ಒಬ್ಬರೇ ನೋಡಬೇಕಾದರೆ ಕೇಳಲು ಪುರಸೊತ್ತೆಲ್ಲಿ? ಇದು ವೈದ್ಯರೊಬ್ಬರ ತಪ್ಪಲ್ಲ, ವ್ಯವಸ್ಥೆಯ ತಪ್ಪು.

ಸಾಧಾರಣ ನೋವಿನ ಗುಳಿಗೆ ಇಲ್ಲಿ ಸಾಲದು. ಮಾರ್ಫೀನಿನ ಜೊತೆಗೆ, ರಾತ್ರಿ ಸಣ್ಣ ಪ್ರಮಾಣದಲ್ಲಿ ಆರಂಭಿಸುವ ಅಮಿಟ್ರಿಪ್ಟಿಲಿನ್ ಇಲ್ಲವೇ ಗ್ಯಾಬಾಪೆಂಟಿನ್, ನರದ ಸುತ್ತಲ ಊತಕ್ಕೆ ಡೆಕ್ಸಾಮೆಥಸೋನ್: ಇವನ್ನು ವೈದ್ಯರು ರೋಗಿಗೆ ತಕ್ಕಂತೆ ಆರಿಸಿ, ನೋಡಿಕೊಂಡು ಏರಿಸಬೇಕು. ಬೆನ್ನುನೋವಿನೊಡನೆ ಕಾಲಿನ ಬಲ ಕುಂದಿದರೆ ಅಥವಾ ಮೂತ್ರ ಕಟ್ಟಿದರೆ ಅಂದೇ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ತಡವಾದರೆ ಕಾಲಿನ ಬಲ ಮರಳದೆ ಹೋದೀತು.

ಅಮಿಟ್ರಿಪ್ಟಿಲಿನ್, ಮಾರ್ಫೀನ್ ದುಬಾರಿ ಔಷಧಿಗಳಲ್ಲ. ಮಾರ್ಫೀನ್ ಅಫೀಮಿನಿಂದ ಬರುತ್ತದೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರಕಾರದ ಪರವಾನಗಿಯಿಂದ ಅಫೀಮು ಬೆಳೆಯುವ ದೇಶ ನಮ್ಮದು. ಬೆಳೆ ನಮ್ಮದು, ನೋವೂ ನಮ್ಮದು, ಔಷಧಿ ಮಾತ್ರ ದೂರ! 1985ರ ಮಾದಕ ವಸ್ತು ಕಾಯಿದೆ ಕಳ್ಳಸಾಗಣೆ ತಡೆಯಹೊರಟು ರೋಗಿಯ ಕೈಯ ಮಾರ್ಫೀನನ್ನೂ ಕಸಿಯಿತು. 2014ರಲ್ಲಿ ಸಂಸತ್ತು ಅದನ್ನು ತಿದ್ದಿ ಪರವಾನಗಿಯ ತೊಡಕನ್ನು ಸಡಿಲಿಸಿತು. ಆದರೆ ಕಾಯಿದೆಯ ಪುಸ್ತಕ ತಿದ್ದಿದ ಮಾತ್ರಕ್ಕೆ ದವಾಖಾನೆಯ ಕಪಾಟು ತುಂಬುವುದಿಲ್ಲ. ನೆರೆಯ ಕೇರಳ 2008ರಲ್ಲಿಯೇ ಇದಕ್ಕೊಂದು ನೀತಿ ಮಾಡಿ, ಪಂಚಾಯತಿಗಳನ್ನು ಹೊಣೆಗಾರರನ್ನಾಗಿಸಿ, ದಾದಿಯರನ್ನು ರೋಗಿಯ ಮನೆಗೆ ಕಳಿಸಿತು. ಅಲ್ಲಿ ಆದದ್ದು ಇಲ್ಲೇಕೆ ಆಗದು?

ಕಾರ್ಮಿಕ ಸಂಘಗಳೂ ವರ್ತಕರ ಸಂಘಗಳೂ ಜಿಲ್ಲಾ ಆಸ್ಪತ್ರೆಗೆ, ಇ.ಎಸ್.ಐ. ದವಾಖಾನೆಗೆ ಹೋಗಿ ಎರಡೇ ಪ್ರಶ್ನೆ ಕೇಳಲಿ: ಮಾರ್ಫೀನ್ ಇದೆಯೇ? ಅದನ್ನು ಕೊಡಬಲ್ಲ ತರಬೇತಾದ ವೈದ್ಯರಿದ್ದಾರೆಯೇ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಲಿ. ತಿಂಗಳ ಪಗಾರದಿಂದ ಇ.ಎಸ್.ಐ. ಕಂತು ಮುರಿಸಿಕೊಳ್ಳುವವನು, ಕೊಳ್ಳುವ ಸರಕಿಗೆಲ್ಲ ತೆರಿಗೆ ತೆರುವವನು ದಾನ ಬೇಡುತ್ತಿಲ್ಲ. ತನ್ನ ಹಕ್ಕನ್ನು ಕೇಳುತ್ತಿದ್ದಾನೆ.