ಗರುಡನ ಮೂಗು ಮತ್ತು ಒಂದು ಚೀಟಿ

ಭೂತನಾಳದಿಂದ ಸೈಕಲ್ ಮೇಲೆ ಶಾಲೆಗೆ ಬರುವ ಎಂಟನೆಯ ತರಗತಿಯ ಹುಡುಗನೊಬ್ಬನ ತಂದೆ ಮೊನ್ನೆ ನನ್ನನ್ನು ಕಾಣಲು ಬಂದಿದ್ದರು. ಕೈಯಲ್ಲಿ ಬೂಟಿನ ಹಳೆಯ ಡಬ್ಬಿ.

"ಸರ್, ಪರೀಕ್ಷಾ ಹತ್ರ ಬಂದಾವ. ಇಂವ ನೋಡ್ರಿ, ಬೇತಾಳ, ರಾಕ್ಷಸ ಅಂತ ಕೂಡಿಸ್ಕೋತ ಕುಂತಾನ. ಎಲ್ಲಾ ಒಲಿಗೆ ಹಾಕ್ತೀನಿ."

ಡಬ್ಬಿಯಲ್ಲಿ ಮೂಗು ಮುರಿದ ಕಿನ್ನಾಳದ ಗರುಡ, ಜಾತ್ರೆಯ ರಟ್ಟಿನ ಮುಖವಾಡ, ಹಳೆಯ 'ಚಂದಮಾಮ'ದಿಂದ ಕತ್ತರಿಸಿದ ವಿಕ್ರಮ-ಬೇತಾಳರ ಚಿತ್ರ. ಅದನ್ನು ಕಂಡು ನನಗೆ ಸಂಕಟವಾಯಿತು. ನಾನೂ ಒಮ್ಮೆ 'ಚಂದಮಾಮ'ದ ಕಟ್ಟು ಇಟ್ಟುಕೊಂಡಿದ್ದೆ. ಬಿಎಸ್ಸಿಗೆ ಸೇರಿದಾಗ, ವಿಜ್ಞಾನ ಓದುವವನಿಗೆ ಬೇತಾಳ ಏಕೆಂದು ನಾನೇ ರದ್ದಿಗೆ ತೂಗಿದೆ. 1947ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಆ ಪತ್ರಿಕೆ ಈಗ ನಿಂತುಹೋಗಿದೆ. ಬೇಕೆಂದರೂ ಆ ಕಟ್ಟು ಮರಳಿ ಬಾರದು.

ಪಾಲಕರೇ, ಕಲ್ಪನೆಯ ವಸ್ತು ಕೂಡಿಟ್ಟರೆ ಮಕ್ಕಳು ಮೂಢನಂಬಿಕೆಗೆ ಬೀಳುವುದಿಲ್ಲ. ಇದನ್ನು ಯಾರು ಮಾಡಿದರು, ಯಾವುದರಿಂದ ಮಾಡಿದರು ಎಂದು ಕೇಳಲು ಕಲಿತರೆ ಅದೇ ವಿಜ್ಞಾನದ ಮೊದಲ ಪಾಠ.

ವಿದ್ಯಾರ್ಥಿಗಳೇ, ಕಂಡದ್ದನ್ನೆಲ್ಲ ತುಂಬಬೇಡಿ. ಒಂದು ವಿಷಯ ಆರಿಸಿಕೊಳ್ಳಿ. ಉದಾಹರಣೆಗೆ, ಎರಡು ಜೀವಿಗಳನ್ನು ಕೂಡಿಸಿ ಮಾಡಿದ ಪ್ರಾಣಿಗಳು. ಇದಕ್ಕೆ ಹಣ ಬೇಕಿಲ್ಲ. ಕರ್ನಾಟಕ ಸರಕಾರದ ಲಾಂಛನ ನೋಡಿ: ನಡುವೆ ಎರಡು ತಲೆಯ ಗಂಡಭೇರುಂಡ, ಅಕ್ಕಪಕ್ಕ ಆನೆಯ ತಲೆ, ಸಿಂಹದ ಮೈ. ಹಳೆಯ ಸರಕಾರಿ ಪ್ರಕಟಣೆಯಿಂದ ಅದನ್ನು ಕತ್ತರಿಸಿಕೊಂಡರೆ ಸಂಗ್ರಹ ಆರಂಭವಾಯಿತು. ನಮ್ಮ ವಿಜಯಪುರದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಆನೆಯನ್ನು ಅಗಿಯುತ್ತಿರುವ ವಿಚಿತ್ರ ಮೃಗದ ಬಾಯಿ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೋಪನ್ನು ಡಬ್ಬಿಯಲ್ಲಿ ಇಡಲಾಗದು. ಎದುರು ಕುಳಿತು ಚಿತ್ರ ಬರೆದು ತನ್ನಿ.

ಎರಡನೆಯದು ಚೀಟಿ. ಪ್ರತಿ ವಸ್ತುವಿಗೂ ಹೆಸರು, ಸಿಕ್ಕ ಊರು, ದಿನಾಂಕ, ಕೊಟ್ಟವರು, ಏತರಿಂದ ಮಾಡಿದ್ದು, ಇಷ್ಟನ್ನು ಬರೆದಿಡಿ. ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ಹೋದಾಗ ಅಲ್ಲಿನ ವಿವರ ಫಲಕಗಳನ್ನು ಓದಿ. ಚೀಟಿ ಇಲ್ಲದ ಸಂಗ್ರಹ ಬರೀ ಗಂಟು.

ಮೂರನೆಯದು ಜೋಪಾನ. ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆ ಬೀಜದ ಅಂಟು ಬಳಸಿ ಗೊಂಬೆಗೆ ರೂಪ ಕೊಡುತ್ತಾರೆ. ನೀರು ತಾಗಿದರೆ ಅಂಟು ಸಡಿಲಾಗುತ್ತದೆ. ಒಣ ಕುಂಚದಿಂದಲೇ ಧೂಳು ಒರೆಸಿ. ಪತ್ರಿಕೆಯ ಕಾಗದದಲ್ಲಿ ಲಿಗ್ನಿನ್ ಇರುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಚಿತ್ರಗಳನ್ನು ನೆರಳಲ್ಲಿ ಇಡಿ.

ಹುಡುಗನನ್ನು ಕರೆಸಿ, "ಈ ಗರುಡ ಯಾರು ಕೊಟ್ಟದ್ದೋ?" ಎಂದೆ.

"ಅಜ್ಜಿ ಕೊಟ್ಟಾಳ್ರಿ ಸರ್. ಅಪ್ಪ ಸಣ್ಣಾಂವ ಇದ್ದಾಗ ಮೂಗು ಮುರದಾನಂತ್ರಿ."

ತಂದೆ ಗೊಂಬೆಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಡಬ್ಬಿ ಮುಚ್ಚಿ ಮಗನ ಕೈಗೆ ಕೊಟ್ಟು, "ಪರೀಕ್ಷಾ ಮುಗಿಯೂತನಾ ಅಟ್ಟದ ಮ್ಯಾಲ ಇಡು" ಎಂದರು. ಮೊದಲ ಚೀಟಿಯನ್ನು ಅಲ್ಲಿಯೇ ಬರೆಸಿದೆ.